ಸೊನ್ನೆ ನುಂಗಿದ ನಾಯ್ಸ್ ಪ್ರೊಫೈಲು

ಶಾಸನಾಸಕ್ತರ ಗುಂಪುಗಳಲ್ಲಿ ಈಚೆಗೆ ಬರುತ್ತಿರುವ ಫೋಟೋಗಳನ್ನು ಗಮನಿಸಿ. ಕಲ್ಲು ಕಲ್ಲಿನ ಹಾಗೆ ಕಾಣೋದೇ ಇಲ್ಲ, ಮೇಣ ಬಳಿದಂತೆ ನುಣ್ಣಗಿರುತ್ತೆ. ಅಕ್ಷರ ಎದ್ದು ಕಾಣುತ್ತೆ, ಕೆಳಗೆ "ಎಷ್ಟು ಕ್ಲಿಯರ್ ಆಗಿದೆ ಸಾರ್" ಅಂತ ಮೆಚ್ಚುಗೆ. ಇವುಗಳಲ್ಲಿ ಹಲವು ನಾಯ್ಸ್ ತೆಗೆಯುವ ಸಾಫ್ಟ್‌ವೇರಿನಲ್ಲಿ ತೊಳೆದು ತೆಗೆದ ಚಿತ್ರಗಳು. ನೋಡೋಕೆ ಚೆಂದ. ಪಾಠ ಓದೋಕೆ ಇವನ್ನು ನಂಬಬಹುದೇ ಅನ್ನೋದು ನನ್ನ ತಕರಾರು.

ತಕರಾರು ಮೊದಲು ನನ್ನ ಮೇಲೇ. ದಕ್ಷಿಣ ಬೆಂಗಳೂರಿನ ಒಂದು ವೀರಗಲ್ಲನ್ನು ಸಂಜೆ ಬೆಳಕಿನಲ್ಲಿ ಐಎಸ್ಒ 3200ರಲ್ಲಿ ತೆಗೆದಿದ್ದೆ. ನಾಯ್ಸ್ ತೆಗೆದು, ಎರಡನೇ ಸಾಲಿನ ಪದವೊಂದನ್ನು 'ಊರ' ಅಂತ ಓದಿ ಹಂಚಿಕೊಂಡೆ. ಇಬ್ಬರು ಮೂವರು ಅದನ್ನೇ ಎತ್ತಿಕೊಂಡು ಬರೆದರು. ಆಮೇಲೆ ಟಾರ್ಚ್ ಹಿಡಿದು ಕಲ್ಲಿನ ಮುಂದೆ ಕೂತಾಗ ರಕಾರದ ಬಲಕ್ಕೆ, ಸ್ವಲ್ಪ ಮೇಲೆ, ಒಂದು ಸಣ್ಣ ಸೊನ್ನೆ ಕಾಣಿಸಿತು. ಅದು 'ಊರಂ'. ಹಳಗನ್ನಡದಲ್ಲಿ ಸೊನ್ನೆ ಹೋದರೆ ವಿಭಕ್ತಿಯೇ ಹೋಗುತ್ತೆ. 'ಊರನ್ನು' ಅನ್ನೋದು 'ಊರಿನ' ಆಗಿಬಿಡುತ್ತೆ. ವಾಕ್ಯದ ಅರ್ಥವನ್ನೇ ನಾನು ತಿರುಚಿದ್ದೆ.

ಸೊನ್ನೆಯನ್ನು ನುಂಗಿದ್ದು ಪ್ರೊಫೈಲು. ನಾಯ್ಸ್ ಪ್ರೊಫೈಲ್ ಅಂದರೆ ಒಂದು ಕ್ಯಾಮೆರಾ ಒಂದು ಐಎಸ್ಒದಲ್ಲಿ ಎಷ್ಟು, ಎಂಥ ಕಾಳು ಎಬ್ಬಿಸುತ್ತೆ ಅನ್ನೋ ಲೆಕ್ಕ. ನೀಟ್ ಇಮೇಜ್ ತರಹದ ಸಾಫ್ಟ್‌ವೇರು ಇದಕ್ಕಾಗಿ ಚಿತ್ರದಲ್ಲಿ ವಿವರವೇ ಇಲ್ಲದ ಸಪಾಟು ಜಾಗವೊಂದನ್ನು ಆರಿಸಿಕೊಳ್ಳುತ್ತೆ. ಅಲ್ಲಿ ಕಾಣುವ ಏರಿಳಿತವೆಲ್ಲ ನಾಯ್ಸ್ ಅಂತ ಕಲಿತು, ಚಿತ್ರದ ಉಳಿದ ಕಡೆಯೂ ಅದನ್ನೇ ಅಳಿಸುತ್ತೆ. ಆಕಾಶವೋ ಸುಣ್ಣದ ಗೋಡೆಯೋ ಇದ್ದರೆ ಸರಿ. ನಾನು ತೋರಿಸಿದ್ದು ಅಕ್ಷರವಿಲ್ಲದ ಕಲ್ಲಿನ ಅಂಚನ್ನು.

ನಮ್ಮ ಬೆಂಗಳೂರಿನ ಕಲ್ಲು ಸಪಾಟಲ್ಲ ಸ್ವಾಮಿ. ಲಾಲ್‌ಬಾಗ್ ಬಂಡೆಯನ್ನೇ ಹತ್ತಿರ ಹೋಗಿ ನೋಡಿ: ಬಿಳಿ, ಬೂದು, ಕರಿ ಹರಳುಗಳ ಜಾತ್ರೆ. ಆ ಹರಳಿನ ಚುಕ್ಕೆಗಳನ್ನೂ ಸಾಫ್ಟ್‌ವೇರು ಕ್ಯಾಮೆರಾದ ದೋಷ ಅಂತಲೇ ಕಲಿಯುತ್ತೆ. ಹರಳಿನಷ್ಟೇ ದೊಡ್ಡದಿರುವ ಸೊನ್ನೆ, ಸವೆದ ತಲೆಕಟ್ಟು, 'ಪ'ವನ್ನು 'ವ'ದಿಂದ ಬೇರೆ ಮಾಡುವ ಗೀರು, ಎಲ್ಲವೂ ಅದರ ಜೊತೆ ಹೋಗುತ್ತವೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನಲ್ಲಿ ಈ ಅಪಾಯ ಕಡಿಮೆ, ಅಲ್ಲಿ ಮೈ ನುಣುಪು, ಅಕ್ಷರದ ಅಂಚು ಚೂಪು. ಅಲ್ಲಿ ಒಗ್ಗಿದ ಸೆಟ್ಟಿಂಗನ್ನು ಇಲ್ಲಿನ ವೀರಗಲ್ಲಿಗೆ ಹಾಕುವವರನ್ನು ಕಂಡರೆ ಭಯವಾಗುತ್ತೆ.

ಇನ್ನೊಂದು ತೊಡಕು. ಶಾಸನಕ್ಕೆ ನಾವು ಓರೆ ಬೆಳಕು ಬಿಡುತ್ತೇವೆ, ಅಕ್ಷರದ ಗುಂಡಿಯಲ್ಲಿ ನೆರಳು ಬೀಳಲಿ ಅಂತ. ಬೆಳಕು ಕಡಿಮೆಯಿದ್ದಲ್ಲೇ ಸಂಕೇತಕ್ಕೆ ಹೋಲಿಸಿದರೆ ನಾಯ್ಸ್ ಜಾಸ್ತಿ. ಅಂದರೆ ಸಾಫ್ಟ್‌ವೇರಿನ ಕೈ ಅತಿ ಭಾರವಾಗಿ ಬೀಳೋದು ಅಕ್ಷರದ ಒಳಗೇ.

ಹಾಗಂತ ನಾಯ್ಸ್ ತೆಗೆಯಲೇಬಾರದು ಅಂತಲ್ಲ. ನಾನೀಗ ಚಿಕ್ಕಲಸಂದ್ರದ ಮನೆ ಟೆರೇಸಿನಲ್ಲಿ ಬೂದು ಕಾರ್ಡೊಂದನ್ನು ಬೇಕೆಂದೇ ಫೋಕಸ್ ತಪ್ಪಿಸಿ, ಐಎಸ್ಒ 100ರಿಂದ 6400ರ ತನಕ, ಕಪ್ಪಿನಿಂದ ಬಿಳಿಯ ತನಕ ಬೇರೆಬೇರೆ ಬೆಳಕಿನಲ್ಲಿ ತೆಗೆದು ಪ್ರೊಫೈಲ್ ಮಾಡಿಟ್ಟುಕೊಂಡಿದ್ದೇನೆ. (ಪಕ್ಕದ ಮನೆಯವರಿಗೆ ನಾನು ಏನು ಮಾಡ್ತಿದ್ದೇನೆ ಅಂತ ಇನ್ನೂ ಅರ್ಥವಾಗಿಲ್ಲ.) ಅದರಲ್ಲಿ ಕಲ್ಲಿನ ಹರಳು ಬರೋದಿಲ್ಲ, ಕ್ಯಾಮೆರಾ ಒಂದೇ ಬರುತ್ತೆ. ಬಣ್ಣದ ನಾಯ್ಸನ್ನು ಧಾರಾಳವಾಗಿ ತೆಗೆಯುತ್ತೇನೆ, ಅಕ್ಷರದ ಆಕಾರ ಅದರಲ್ಲಿ ಅಷ್ಟಾಗಿ ಇರೋದಿಲ್ಲ. ಹೊಳಪಿನ ನಾಯ್ಸಿಗೆ ಕೈ ಬಿಗಿ. ಫೋನಿನ ಜೆಪೆಗ್ ಆದರೆ ಫೋನೇ ಒಂದು ಸಲ ತೊಳೆದಿರುತ್ತೆ, ಆದ್ದರಿಂದ ರಾ ಫೈಲೇ ಬೇಕು.

ಅದಕ್ಕಿಂತ ಒಳ್ಳೆಯ ದಾರಿಯೂ ಇದೆ. ಕಲ್ಲು ಎಲ್ಲಿಗೂ ಓಡಿಹೋಗಲ್ಲ. ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು 16 ಫೋಟೋ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತೆ, ಯಾವ ಊಹೆಯೂ ಇಲ್ಲದೆ. ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಬೆಂಗಳೂರಿನ ಶಾಸನಗಳ 3ಡಿ ಸ್ಕ್ಯಾನ್ ಆಗಿದೆಯಲ್ಲ, ಅಲ್ಲಿ ಅಳೆಯೋದು ಆಳವನ್ನು. ಹರಳಿನ ಬಣ್ಣ ಅಡ್ಡ ಬರೋದಿಲ್ಲ. ಅಂಥ ಮಾದರಿ ಸಿಗುವ ಕಲ್ಲಿಗೆ ಫೋಟೋ ಹಿಡಿದು ಜಗಳವಾಡೋದು ವ್ಯರ್ಥ.

ಎಲ್ಲ ಕಲ್ಲಿಗೂ ಆ ಭಾಗ್ಯ ಇಲ್ಲ. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಆ ಕಲ್ಲುಗಳಲ್ಲಿ ಹಲವು ಇವತ್ತು ಜಾಗದಲ್ಲಿಲ್ಲ. ನಾಳೆ ಇನ್ನೊಂದು ಹೋದರೆ ನಮ್ಮ ಫೋಟೋನೇ ಸಾಕ್ಷಿ. ಶಾಸನ ಓದುವವರು ಅನುಮಾನದ ಅಕ್ಷರವನ್ನು ಚೌಕ ಕಂಸದಲ್ಲಿ ಹಾಕುತ್ತಾರೆ, ಅಳಿದದ್ದಕ್ಕೆ ಚುಕ್ಕಿ ಇಡುತ್ತಾರೆ. ತೊಳೆದ ಫೋಟೋದಲ್ಲಿ ಕಂಸವೂ ಇಲ್ಲ, ಚುಕ್ಕಿಯೂ ಇಲ್ಲ. ಆದ್ದರಿಂದ ಮೂಲ ಫೈಲನ್ನೂ ಜೊತೆಗೆ ಹಾಕಿ, ಏನು ಮಾಡಿದಿರಿ ಅಂತ ಒಂದು ಸಾಲು ಬರೆಯಿರಿ. ಇದು ದೊಡ್ಡ ಬೇಡಿಕೆಯಲ್ಲ.

ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೂಲ ಚಿತ್ರದಿಂದ ತೊಳೆದ ಚಿತ್ರವನ್ನು ಕಳೆಯಿರಿ, ಉಳಿದದ್ದರ ಕಾಂಟ್ರಾಸ್ಟ್ ಏರಿಸಿ. ಬರೀ ಆಕಾರವಿಲ್ಲದ ಕಾಳು ಕಂಡರೆ ಪ್ರೊಫೈಲ್ ಸರಿಯಿದೆ. ನನ್ನ ವೀರಗಲ್ಲಿನ ಫೋಟೋಗೆ ತಡವಾಗಿ ಇದನ್ನು ಮಾಡಿದೆ. ಕಳೆದು ಉಳಿದ ಕಪ್ಪು ಚಿತ್ರದಲ್ಲಿ ಎರಡನೇ ಸಾಲು ಮಸುಕಾಗಿ ಓದೋ ಹಾಗಿತ್ತು, ಸೊನ್ನೆ ಸಮೇತ.