ದಂಡಿನ ದಾರಿಯ ಊರುಗಳು: ಟಿಪ್ಪುವನ್ನು ಕುರಿತ ಒಂದು ನಾಟಕದ ಪರಾಮರ್ಶೆ

ಮೈಸೂರು ಜಿಲ್ಲೆಯ ಸಾಲಿಗ್ರಾಮವು ರಣರಂಗವೆಂದು ಹೆಸರಾದ ಊರಲ್ಲ. ಚೋಳರಾಜನ ಮತದ್ವೇಷದಿಂದಾಗಿ ಶ್ರೀರಂಗವನ್ನು ತೊರೆದು ಬಂದ ರಾಮಾನುಜರು ಇಲ್ಲಿ ತಂಗಿದರೆಂದೂ, ಅವರ ಶಿಷ್ಯ ವಡುಗನಂಬಿ ಈ ಊರಿನವನೆಂದೂ ಶ್ರೀವೈಷ್ಣವ ಸಂಪ್ರದಾಯವು ಹೇಳುತ್ತದೆ. ಜೈನಬಸದಿಗಳೂ ಇದೇ ಊರಿನಲ್ಲಿವೆ. ಹೀಗೆ ಆಶ್ರಯದ ನೆನಪನ್ನು ಉಳಿಸಿಕೊಂಡ ಸೀಮೆಯಲ್ಲಿಯೇ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಂಡುಗಳು ನಡೆದವು. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯವು ಕೊಡಗಿನ ಮಾರ್ಗವಾಗಿ ಪಿರಿಯಾಪಟ್ಟಣದವರೆಗೆ ಬಂದು ಹಿಮ್ಮೆಟ್ಟಿತು. 1792ರ ಫೆಬ್ರವರಿಯಲ್ಲಿ ಅದೇ ಸೈನ್ಯವು, ಇಂದಿನ ಕೃಷ್ಣರಾಜನಗರದ ಮಗ್ಗುಲಿನ ಎಡತೊರೆಯ ಬಳಿ ಕಾವೇರಿಯನ್ನು ದಾಟಿ, ಕಾರ್ನ್‌ವಾಲಿಸನನ್ನು ಕೂಡಿಕೊಂಡಿತು. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣಕ್ಕೆ ಅನತಿದೂರದ ಸಿದ್ದೇಶ್ವರದಲ್ಲಿ ಟಿಪ್ಪುವೇ ಮುಂಬಯಿ ಸೈನ್ಯದ ಮೇಲೆ ಬಿದ್ದು ವಿಫಲನಾದನು. ಮೇ 4ರಂದು ಶ್ರೀರಂಗಪಟ್ಟಣವು ಪತನವಾಯಿತು.

ಈ ಯುದ್ಧಗಳನ್ನು ಕುರಿತು ನಾವು ಓದುವುದು ಯಾರ ಬರವಣಿಗೆಯನ್ನು? ಈ ಪ್ರಶ್ನೆಯನ್ನು ಕನ್ನಡ ರಂಗಭೂಮಿಗೆ ತಂದವರಲ್ಲಿ ಗಿರೀಶ ಕಾರ್ನಾಡರು ಮುಖ್ಯರು. ಟಿಪ್ಪುವಿನ ಕನಸುಗಳನ್ನು ಆಧರಿಸಿದ ಅವರ ನಾಟಕವು ಭಾರತದ ಸ್ವಾತಂತ್ರ್ಯದ 50ನೆಯ ವರ್ಷದ ಸಂದರ್ಭಕ್ಕಾಗಿ ಬಿ.ಬಿ.ಸಿ. ರೇಡಿಯೊ ಬಯಸಿದಂತೆ ರಚಿತವಾದುದು. ಟಿಪ್ಪು ತನ್ನ ಕೈಯಿಂದಲೇ ಪಾರಸಿಯಲ್ಲಿ ಬರೆದಿಟ್ಟ 37 ಕನಸುಗಳ ಪುಸ್ತಕವು ಶ್ರೀರಂಗಪಟ್ಟಣದ ಪತನಾನಂತರ ಅವನ ಶಯನಾಗಾರದಲ್ಲಿ ದೊರೆತು, 1800ರಲ್ಲಿ ಕಂಪನಿಯ ನಿರ್ದೇಶಕರಿಗೆ ಸಮರ್ಪಿತವಾಯಿತು. ಗೆದ್ದವನು ಸೋತವನ ಭಂಡಾರವನ್ನು ಕೊಳ್ಳೆಹೊಡೆಯುವುದು ಹಳೆಯ ಪದ್ಧತಿ. ಅವನ ಕನಸುಗಳನ್ನೂ ದಫ್ತರಕ್ಕೆ ಸೇರಿಸಿಕೊಂಡದ್ದು ಆಧುನಿಕ ಅಧಿಕಾರದ ಲಕ್ಷಣ.

ನಾಟಕದ ಅತ್ಯಂತ ಅರ್ಥಪೂರ್ಣವಾದ ತಂತ್ರವೆಂದರೆ ಅದರ ಆರಂಭ. ಅಲ್ಲಿ ಟಿಪ್ಪುವಿನ ಚರಿತ್ರಕಾರ ಕಿರ್ಮಾನಿಯೂ ಕಂಪನಿಯ ಭೂಮಾಪಕ ಕಾಲಿನ್ ಮೆಕೆಂಜಿಯೂ ಎದುರುಬದುರಾಗುತ್ತಾರೆ. ಹಳೆಯ ಒಡೆಯನ ಸ್ಮರಣೆ ಮತ್ತು ಹೊಸ ಒಡೆಯರ ಆಶ್ರಯ ಇವೆರಡರ ನಡುವೆ ಕಿರ್ಮಾನಿ ಇಬ್ಬಂದಿಗೊಳಗಾಗಿದ್ದಾನೆ. ಇತಿಹಾಸವೆಂಬುದು ಘಟನೆಗಳ ನೇರ ಪ್ರತಿಬಿಂಬವಲ್ಲ, ಅನ್ನವಿಕ್ಕುವ ಕೈಯನ್ನು ನೋಡುತ್ತ ಬರೆದ ಬರೆಹ ಎಂಬ ಕಹಿಸತ್ಯವು ಈ ಸಂವಾದದಿಂದ ಮೂಡುತ್ತದೆ. ಮೈಸೂರಿನ ಇತಿಹಾಸವನ್ನು 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಸಹ ಮೈಸೂರಿನಲ್ಲಿ ರೆಸಿಡೆಂಟನ ಹುದ್ದೆಯನ್ನು ನಿರ್ವಹಿಸಿದವನೇ ಎಂಬುದನ್ನು ನೆನೆದರೆ ನಾಟಕಕಾರರ ಸಂಶಯವು ಎಷ್ಟು ಸಾಧಾರವಾದುದೆಂಬುದು ವೇದ್ಯವಾಗುತ್ತದೆ.

ಆದರೆ ಇಲ್ಲಿಯೇ ಒಂದು ಕೊರತೆಯೂ ತಲೆದೋರುತ್ತದೆ. ನಾಟಕವು ಎರಡು ಲೇಖನಿಗಳನ್ನು ಕಂಡಿತು, ಮೂರನೆಯದನ್ನು ಕಾಣಲಿಲ್ಲ. ಇದೇ ಮೆಕೆಂಜಿ ತನ್ನ ದೇಶೀಯ ಸಹಾಯಕರ ಮೂಲಕ ಹಳ್ಳಿಪಟ್ಟಣಗಳ ಕೈಫಿಯತ್ತುಗಳನ್ನು ಸಂಗ್ರಹಿಸಿದನು. ಅವುಗಳ ಹಿಂದಿದ್ದುದು ಊರಿನ ನೆನಪು. ದಂಡು ಹಾದುಹೋದ ನೆಲದ ಸ್ಥಿತಿಯನ್ನು 1800ರಲ್ಲಿ ವೆಲ್ಲೆಸ್ಲಿಯ ಆಜ್ಞೆಯಂತೆ ಸಂಚರಿಸಿದ ಬುಕಾನನ್ನನೂ ದಾಖಲಿಸಿದ್ದಾನೆ. ಅವನು ಕಂಪನಿಯ ಸೇವಕನೇ. ಆದರೂ ಯುದ್ಧಕಾಲದ ಹಸಿವು, ಲೂಟಿ, ಬರಿದಾದ ಊರುಗಳು ಅವನ ಪುಟಗಳಲ್ಲಿ ಮರೆಯಾಗಿಲ್ಲ. ಶತ್ರುವಿಗೆ ಮೇವು ಸಿಗದಿರಲೆಂದು ಟಿಪ್ಪು ನಾಡನ್ನು ಹಾಳುಗೆಡವಿದನು, ಮರಾಠರ ಸವಾರರು ಕೊಳ್ಳೆಹೊಡೆದರು, ಕಂಪನಿಯ ಸೈನ್ಯ ಎತ್ತುಗಳನ್ನೂ ಧಾನ್ಯವನ್ನೂ ಹುಡುಕುತ್ತ ನಡೆಯಿತು. ಮೂರು ಬಾವುಟಗಳು ಬೇರೆ ಬೇರೆಯಾದರೂ ರೈತನ ಕಣಜಕ್ಕೆ ಆದ ಗತಿ ಒಂದೇ.

ನಾಟಕವು ಗೆಜೆಟಿಯರ್ ಅಲ್ಲ, ಅದಕ್ಕೆ ನಾಯಕ ಬೇಕು ಎಂದು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಆದರೆ ‘ಬರೆಯುವವರು ಯಾರು?’ ಎಂಬ ಪ್ರಶ್ನೆಯನ್ನು ತಾನೇ ಎತ್ತಿದ ಕೃತಿಯು ಅರಮನೆಯ ಬಾಗಿಲಲ್ಲಿಯೇ ನಿಂತುಬಿಟ್ಟಿತೆಂಬುದು ನಮ್ಮ ಅಸಮಾಧಾನ. ಆ ಬಾಗಿಲಲ್ಲಿ ನಿಂತವರಿಗೆ ಕೇಳುವ ಪ್ರಶ್ನೆ ಒಂದೇ: ದೊರೆ ಒಳ್ಳೆಯವನೋ ಕೆಟ್ಟವನೋ? 2015ರಲ್ಲಿ ಟಿಪ್ಪು ಜಯಂತಿಯು ಸರ್ಕಾರಿ ಆಚರಣೆಯಾಗಿ 2019ರಲ್ಲಿ ರದ್ದಾಗುವವರೆಗೂ ಬೀದಿಯಲ್ಲಿ ಮೊಳಗಿದ್ದು ಈ ಪ್ರಶ್ನೆಯೇ. ಕೊಡವರೂ ಕರಾವಳಿಯ ಕ್ರೈಸ್ತರೂ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಲ್ಪಟ್ಟುದು ಸತ್ಯ. 1791ರಲ್ಲಿ ಮರಾಠಾ ಸೈನ್ಯದ ದಂಡಾಳುಗಳು ಸೂರೆಗೈದ ಶೃಂಗೇರಿಯ ಮಠಕ್ಕೆ ಟಿಪ್ಪು ನೆರವಿತ್ತುದೂ ಸತ್ಯ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸುವವನು ಚರಿತ್ರಕಾರನಲ್ಲ, ವಕೀಲ. ಪೂರ್ವಗ್ರಹವು ಉತ್ತರದಲ್ಲಿ ಮಾತ್ರವೇ ಇರುವುದಿಲ್ಲ, ಪ್ರಶ್ನೆಯಲ್ಲಿಯೂ ಅಡಗಿರುತ್ತದೆ.

ಆದುದರಿಂದ ಈ ನಾಟಕವನ್ನು ತರಗತಿಯಲ್ಲಿ ಪಾಠಹೇಳುವ ಅಧ್ಯಾಪಕರು ಅದರ ಜೊತೆಗೆ ತಮ್ಮ ಸೀಮೆಯ ಒಂದು ಕೈಫಿಯತ್ತನ್ನೂ ಓದಿಸುವುದು ಲೇಸು. ಕೈಫಿಯತ್ತುಗಳೂ ನಿರ್ಲಿಪ್ತವಲ್ಲ; ಅಧಿಕಾರಿಯು ಕೇಳಿದಾಗ ಊರವರು ಭಯದಿಂದಲೋ ಆಸೆಯಿಂದಲೋ ಹೇಳಿದ ಮಾತುಗಳು ಅವುಗಳಲ್ಲಿರಬಹುದು. ಆದರೂ ಪಿರಿಯಾಪಟ್ಟಣದಿಂದ ಎಡತೊರೆಗೆ ಸಾಗುವ ದಾರಿಯಲ್ಲಿ ಎರಡು ಸೈನ್ಯಗಳಷ್ಟೇ ಅಲ್ಲ, ಊರುಗಳೂ ಇದ್ದುವೆಂಬ ಅರಿವು ವಿದ್ಯಾರ್ಥಿಗೆ ಅಷ್ಟರಿಂದಲೇ ಉಂಟಾದೀತು. ಯುದ್ಧವನ್ನು ಕುರಿತ ವಿಮರ್ಶೆಗೆ ಆ ಅರಿವೇ ಮೊದಲ ಮೆಟ್ಟಿಲು.