ಚರ್ಚಿನ ದಾಖಲೆಗಳೂ ವಂಶಾನ್ವೇಷಣೆಯೂ: ಒಂದು ವಿಮರ್ಶೆ

ಇಂಗ್ಲೆಂಡಿನಲ್ಲಿ ವಂಶಚರಿತ್ರೆಯನ್ನು ಶೋಧಿಸುವವರಿಗೆ ಪ್ಯಾರಿಷ್ ಚರ್ಚಿನ ದಾಖಲೆ ಪುಸ್ತಕಗಳಷ್ಟು ಉಪಕಾರಿಯಾದ ಆಕರ ಮತ್ತೊಂದಿಲ್ಲವೆಂಬ ಮಾತು ಪ್ರಚಲಿತವಾಗಿದೆ. ಆ ದೇಶದಲ್ಲಿ ಸರ್ಕಾರದ ಜನನ ಮರಣ ನೋಂದಣಿ ಆರಂಭವಾದುದು 1837ರಲ್ಲಿ. ಅದಕ್ಕೂ ಹಿಂದಿನ ಮೂರು ಶತಮಾನಗಳ ಸಾಮಾನ್ಯ ಜನರ ಹೆಸರುಗಳು ಬಹುಮಟ್ಟಿಗೆ ಈ ಪುಸ್ತಕಗಳಲ್ಲಿಯೇ ಉಳಿದುಬಂದಿವೆ. ಆದುದರಿಂದ ಮಾತು ತಥ್ಯವಾದುದೇ. ಆದರೆ ಪುಸ್ತಕದಲ್ಲಿ ಹೆಸರು ದೊರೆತೊಡನೆ ಪೂರ್ವಜನೇ ದೊರೆತನೆಂದು ಭಾವಿಸುವ ರೂಢಿಯೂ ಇದರೊಡನೆ ಬೆಳೆದಿದೆ. ಈ ರೂಢಿ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಆಕರದ ಸ್ವರೂಪವನ್ನು ನೋಡೋಣ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿ ಪ್ಯಾರಿಷಿನಲ್ಲಿಯೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ವಾರಕ್ಕೊಮ್ಮೆ ಬರೆದಿಡಬೇಕಾಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಾದ್ರಿಯು ಬರೆದದ್ದು ತಾನು ನಡೆಸಿದ ವಿಧಿಯನ್ನು, ಜನನವನ್ನಲ್ಲ, ಮರಣವನ್ನಲ್ಲ. ಅಲ್ಲದೆ, ಹಳೆಯ ನಮೂದುಗಳನ್ನೆಲ್ಲ ಚರ್ಮಪತ್ರದ ಪುಸ್ತಕಕ್ಕೆ ನಕಲು ಮಾಡಬೇಕೆಂದೂ, ವಿಶೇಷವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ ಮುಂದಿನವುಗಳನ್ನು ಬಿಡಬಾರದೆಂದೂ 1598ರಲ್ಲಿ ವಿಧಿಸಲಾಯಿತು. ಅನೇಕ ಊರುಗಳ ಪುಸ್ತಕಗಳು 1558ರಿಂದಲೇ ಆರಂಭವಾಗುವುದಕ್ಕೆ ಇದೇ ಕಾರಣ. ನಾವು ಮೂಲವೆಂದು ಗೌರವಿಸುವ ಪುಟ ಹಲವೆಡೆ ನಲವತ್ತು ವರ್ಷಗಳ ಅನಂತರದ ಪ್ರತಿಯಾಗಿದೆ.

ಎಲ್ಲರಿಗೂ ಪರಿಚಿತವಾದ ಒಂದು ಕುಟುಂಬವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ವಿಲಿಯಂ ಷೇಕ್ಸ್‌ಪಿಯರನು 1564ರ ಏಪ್ರಿಲ್ 23ರಂದು ಜನಿಸಿದನೆಂದು ನಮ್ಮ ತರಗತಿಗಳಲ್ಲಿ ಬೋಧಿಸುತ್ತೇವೆ. ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನ ಪುಸ್ತಕ ಹೇಳುವುದಾದರೋ ಏಪ್ರಿಲ್ 26ರ ದೀಕ್ಷಾಸ್ನಾನವನ್ನು ಮಾತ್ರ. ಅದರಲ್ಲಿ ತಂದೆಯ ಹೆಸರುಂಟು, ತಾಯಿಯ ಹೆಸರಿಲ್ಲ. 23ನೆಯ ತಾರೀಖು ಊಹೆಯಿಂದ ಬಂದುದು. ಆ ಪುಸ್ತಕದ 1600ರವರೆಗಿನ ಭಾಗವೂ ಮೇಲೆ ಹೇಳಿದ ಬಗೆಯ ನಕಲೇ ಆಗಿದೆ.

ಈ ಕುಟುಂಬದ ವಂಶ ಇಂದಿಗೂ ಉಳಿದಿರುವುದು ಕವಿಯ ಸೋದರಿ ಜೋನಳ ಮೂಲಕ. ಕವಿಯ ಸ್ವಂತ ಸಂತತಿ ಮೊಮ್ಮಗಳು ಎಲಿಜಬೆತ್ 1670ರಲ್ಲಿ ತೀರಿಕೊಂಡಾಗ ನಿಂತುಹೋಯಿತು. ಆದರೆ ಜಾನ್ ಷೇಕ್ಸ್‌ಪಿಯರನ ಮಗಳು ಜೋನ್ ಎಂಬ ನಮೂದು ಪುಸ್ತಕದಲ್ಲಿ ಎರಡು ಬಾರಿ ಬರುತ್ತದೆ: ಒಂದು 1558ರ ಸೆಪ್ಟೆಂಬರಿನಲ್ಲಿ, ಇನ್ನೊಂದು 1569ರ ಏಪ್ರಿಲಿನಲ್ಲಿ. ಮೊದಲನೆಯವಳ ಶವಸಂಸ್ಕಾರದ ನಮೂದು ಇಲ್ಲ. ಹ್ಯಾಟುಗಾರನಾದ ವಿಲಿಯಂ ಹಾರ್ಟನ ಪತ್ನಿಯಾಗಿ 1646ರಲ್ಲಿ ತೀರಿಕೊಂಡವಳು ಇವರಿಬ್ಬರಲ್ಲಿ ಯಾರು? ಆಕೆಗೆ ಆಗ 88 ವರ್ಷವಾಗಿತ್ತೆಂದರೂ 77 ಎಂದರೂ ಅಸಂಭವವೇನಲ್ಲ. ತೀರ್ಮಾನವನ್ನು ಬೇರೆ ನಮೂದುಗಳಲ್ಲಿ ಅರಸಬೇಕು. ಹಾರ್ಟ್ ದಂಪತಿಗಳ ಮಕ್ಕಳಿಗೆ ದೀಕ್ಷಾಸ್ನಾನವಾದುದು 1600ರಿಂದ 1608ರವರೆಗೆ. ಕಡೆಯ ಮಗುವಿನ ಕಾಲಕ್ಕೆ ಮೊದಲನೆಯ ಜೋನಳಿಗೆ ಐವತ್ತು ತುಂಬಿರಬೇಕಾಗುತ್ತದೆ, ಎರಡನೆಯವಳಿಗೆ ಮೂವತ್ತೊಂಬತ್ತು. ಸತ್ತ ಮಗುವಿನ ಹೆಸರನ್ನೇ ಅನಂತರ ಹುಟ್ಟಿದ ಮಗುವಿಗೆ ಇಡುವ ವಾಡಿಕೆಯೂ ಇದನ್ನು ಬೆಂಬಲಿಸುತ್ತದೆ. ಹೀಗೆ ಎರಡನೆಯ ಜೋನಳೇ ಹಾರ್ಟ್ ವಂಶದ ತಾಯಿಯೆಂದು ಸಿದ್ಧವಾಗುತ್ತದೆ. ಈ ನಿರ್ಣಯವನ್ನು ಕೊಟ್ಟದ್ದು ಒಂದು ನಮೂದಲ್ಲ, ಹಲವು ನಮೂದುಗಳ ಸಂಬಂಧವೆಂಬುದನ್ನು ಮರೆಯಲಾಗದು.

ತಾರೀಖುಗಳೂ ಮೋಸಗೊಳಿಸಬಲ್ಲವು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಶಾಸನೋಕ್ತ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಕವಿಯ ಅವಳಿ ಮಕ್ಕಳಾದ ಹ್ಯಾಮ್ನೆಟ್ ಮತ್ತು ಜುಡಿತರ ದೀಕ್ಷಾಸ್ನಾನ ಫೆಬ್ರವರಿ 2ರಂದು ನಡೆಯಿತು. ಅಂದಿನ ಲೆಕ್ಕಕ್ಕೆ ಅದು 1584, ನಮ್ಮ ಲೆಕ್ಕಕ್ಕೆ 1585. ಇದನ್ನರಿಯದವನು 1583ರ ಮೇ 26ರಂದು ದೀಕ್ಷಾಸ್ನಾನ ಪಡೆದ ಅಕ್ಕ ಸುಸಾನಳಿಗೂ ಇವರಿಗೂ ಕೇವಲ ಎಂಟು ತಿಂಗಳ ಅಂತರವೆಂದು ಎಣಿಸಿ, ಬೇರೊಬ್ಬ ತಾಯಿಯನ್ನು ಕಲ್ಪಿಸಿಕೊಂಡಾನು!

ಲಿಪಿಕಾರನ ಪ್ರಮಾದಕ್ಕೂ ಇದೇ ಕುಟುಂಬದಲ್ಲಿ ದೃಷ್ಟಾಂತವಿದೆ. 1582ರ ನವೆಂಬರ್ 27ರಂದು ವುಸ್ಟರಿನ ಬಿಷಪ್ಪನ ಪುಸ್ತಕದಲ್ಲಿ ಟೆಂಪಲ್ ಗ್ರಾಫ್ಟನ್ನಿನ ಆನ್ ವ್ಹೇಟ್ಲಿಯೊಡನೆ ವಿವಾಹಕ್ಕೆ ಅನುಮತಿಯಿತ್ತಂತೆ ಬರೆದಿದೆ. ಮರುದಿನದ ಮುಚ್ಚಳಿಕೆಯಲ್ಲಿ ವಧು ಸ್ಟ್ರಾಟ್‌ಫರ್ಡಿನ ಆನ್ ಹ್ಯಾಥವೇ. ಈ ಆಧಾರದ ಮೇಲೆ ಇನ್ನೊಬ್ಬ ಪ್ರಿಯತಮೆಯನ್ನು ಕೆಲವರು ಸೃಷ್ಟಿಸಿದ್ದಾರೆ. ಆದರೆ ಅದೇ ದಿನ ಅದೇ ಧರ್ಮನ್ಯಾಯಾಲಯದಲ್ಲಿ ವ್ಹೇಟ್ಲಿ ಎಂಬ ಪಾದ್ರಿಯೊಬ್ಬನ ವ್ಯಾಜ್ಯವಿದ್ದಿತು. ಲಿಪಿಕಾರನ ಕೈ ಆ ಹೆಸರಿಗೆ ಜಾರಿತೆನ್ನುವುದೇ ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ.

ಇನ್ನು, ಪುಸ್ತಕದಲ್ಲಿ ಇಲ್ಲದವರ ವಿಚಾರ. ಶಿಶುಗಳಿಗೆ ದೀಕ್ಷಾಸ್ನಾನ ಕೂಡದೆಂದ ಬ್ಯಾಪ್ಟಿಸ್ಟರು, ತಮ್ಮದೇ ದಾಖಲೆಗಳನ್ನಿಟ್ಟುಕೊಂಡ ಕ್ವೇಕರರು ಇಲ್ಲಿ ಸಾಮಾನ್ಯವಾಗಿ ದೊರೆಯರು. 1783ರಿಂದ 1794ರವರೆಗೆ ಪ್ರತಿ ನಮೂದಿಗೂ ಮೂರು ಪೆನ್ನಿ ತೆರಿಗೆಯಿತ್ತು. ಕಡುಬಡವರಿಗೆ ವಿನಾಯಿತಿಯಿದ್ದರೂ ಮಧ್ಯೆ ನಿಂತವರಿಗೆ ಅದು ಹೊರೆಯೇ. ಆದುದರಿಂದ ಹೆಸರಿಲ್ಲದಿರುವುದು ಮನುಷ್ಯನಿರಲಿಲ್ಲವೆಂಬುದಕ್ಕೆ ಪ್ರಮಾಣವಾಗದು. ಸಮೀಪದ ಪ್ಯಾರಿಷಿನಲ್ಲಿ ಅದೇ ಹೆಸರಿನ ಬೇರೊಬ್ಬನು ದೊರೆತಾಗ ಅವನನ್ನು ಖಾಲಿ ಸ್ಥಾನಕ್ಕೆ ತಂದು ಕೂರಿಸುವುದು ಈ ಕ್ಷೇತ್ರದ ಅತ್ಯಂತ ಸುಲಭವಾದ ತಪ್ಪು. ಗಣಕದ ಸೂಚಿಗಳು ಇಂದು ಹೆಸರನ್ನು ಕ್ಷಣದಲ್ಲಿ ಹುಡುಕಿಕೊಡುವುದರಿಂದ ಈ ತಪ್ಪು ಇನ್ನೂ ಸುಲಭವಾಗಿದೆ.

ಹಾಗಾದರೆ ಕರ್ತವ್ಯವೇನು? ದೀಕ್ಷಾಸ್ನಾನದ ನಮೂದು ದೊರೆತೊಡನೆ ಅದೇ ಹೆಸರಿನ ಶವಸಂಸ್ಕಾರವನ್ನು ಹುಡುಕಬೇಕು. ಶಿಶುವಾಗಿಯೇ ತೀರಿಕೊಂಡವನು ಯಾರಿಗೂ ಪೂರ್ವಜನಾಗಲಾರನಷ್ಟೆ. ಬಿಷಪ್ಪನಿಗೆ ಪ್ರತಿವರ್ಷ ಕಳುಹಿಸುತ್ತಿದ್ದ ಪ್ರತಿಯೊಡನೆ ತಾಳೆ ನೋಡಬೇಕು. ಮರಣಶಾಸನ ಪತ್ರಗಳನ್ನು ಕೂಡಿಸಿಕೊಳ್ಳಬೇಕು. ಕಡೆಗೂ ಸಂದೇಹ ಉಳಿದರೆ ವಂಶವೃಕ್ಷದ ಆ ಸ್ಥಾನವನ್ನು ಬರಿದಾಗಿಯೇ ಬಿಡಬೇಕು.

ಈ ಎಚ್ಚರ ನಮ್ಮ ವಿದ್ಯಾರ್ಥಿಗಳಿಗೆ ದೂರದ್ದಲ್ಲ. ಬ್ರಿಟಿಷರ ಕಾಲದಲ್ಲಿ ಬೆಂಗಳೂರು ದಂಡಿನ ಚರ್ಚುಗಳಲ್ಲಿ ಬರೆದ ನಮೂದುಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗಿ ಇಂದು ಬ್ರಿಟಿಷ್ ಗ್ರಂಥಾಲಯದಲ್ಲಿವೆ; ಅವೂ ನಕಲುಗಳೇ. ಅಲ್ಲಿ ಅಜ್ಜನನ್ನು ಹುಡುಕುವವನೂ ಶಾಸನದಲ್ಲಿ ಅರಸನನ್ನು ಹುಡುಕುವವನೂ ಕೇಳಬೇಕಾದ ಪ್ರಶ್ನೆಗಳು ಒಂದೇ: ಯಾರು ಬರೆದರು, ಯಾವಾಗ, ಯಾವ ಉದ್ದೇಶಕ್ಕೆ? ಹುಸಿಯಾದ ಅಜ್ಜನನ್ನು ಪಡೆಯುವುದಕ್ಕಿಂತ ಅಜ್ಜನ ಹೆಸರು ತಿಳಿಯದೆಂದು ಒಪ್ಪಿಕೊಳ್ಳುವುದೇ ಪಿತೃಗಳಿಗೂ ಇತಿಹಾಸಕ್ಕೂ ಸಲ್ಲಿಸುವ ಗೌರವವೆಂದು ನಾವು ಭಾವಿಸುತ್ತೇವೆ.