ಮನ್ಯು: 'ಕೋಪ'ವೆಂಬ ಅನುವಾದದಲ್ಲಿ ಕಳೆದುಹೋದದ್ದು

ಕನ್ನಡದ ಓದುಗರಿಗೆ 'ಮನ್ಯು' ಶಬ್ದದ ಪರಿಚಯವಿರುವುದು ಬಹುಮಟ್ಟಿಗೆ ಅಭಿಮನ್ಯುವಿನ ಹೆಸರಿನೊಳಗೆ. ವ್ಯಾಸಭಾರತದ ಆದಿಪರ್ವವು ಆ ಹೆಸರನ್ನು ಭಯವಿಲ್ಲದವನು, ಮನ್ಯುವುಳ್ಳವನು ಎಂದು ಬಿಡಿಸುತ್ತದೆ. ವ್ಯಾಕರಣಕ್ಕೆ ಒಗ್ಗುವುದು 'ಅಭಿ' ಎಂಬ ಉಪಸರ್ಗವೇ ಆದರೂ, ಮನ್ಯುವನ್ನು ದೋಷವೆನ್ನದೆ ವೀರಗುಣವೆಂದು ಬಗೆದ ಕಾಲವೊಂದಿತ್ತೆಂಬುದಕ್ಕೆ ಈ ನಿರುಕ್ತಿ ಸಾಕ್ಷಿ.

ಶಬ್ದದ ಮೂಲ 'ಮನ್' ಧಾತು: ಎಣಿಸು, ಬಗೆ. ಮನಸ್ಸು, ಮತಿ ಇದೇ ಕುಲದವು. ಅವೆಸ್ತಾದಲ್ಲಿ ಚೇತನವೆಂಬರ್ಥದ 'ಮಯ್ನ್ಯು' ಇದರ ಸೋದರ. ಋಗ್ವೇದದ ಹತ್ತನೆಯ ಮಂಡಲದ 83 ಮತ್ತು 84ನೆಯ ಸೂಕ್ತಗಳಲ್ಲಿ ಮನ್ಯು ದೇವತೆಯೇ ಆಗಿದ್ದಾನೆ. ಅಮರಕೋಶವು ದೈನ್ಯ, ಯಜ್ಞ, ಕ್ರೋಧವೆಂಬ ಮೂರು ಅರ್ಥಗಳನ್ನು ಕೊಡುತ್ತದೆ. ಇದಕ್ಕೆದುರಾಗಿ 'ಕೋಪ'ದ ಧಾತುವಿನಲ್ಲಿರುವುದು ಕದಡುವಿಕೆ, ಕುದಿತ. ಹಳಗನ್ನಡದ 'ಕನಲ್' ತಮಿಳು, ಮಲಯಾಳಗಳಲ್ಲಿ ಕೆಂಡ. ಉರಿಯುಂಟು, ಬಗೆಯುವಿಕೆಯಿಲ್ಲ.

ಈ ಭೇದ ಕೇವಲ ಕೋಶಕಾರರ ಚಿಂತೆಯಲ್ಲ. ವನಪರ್ವದಲ್ಲಿ ದ್ರೌಪದಿ ಭೀಮ, ಅರ್ಜುನ, ಅವಳಿ ಸೋದರರು ಮತ್ತು ತಾನು ಪಡುತ್ತಿರುವ ಪಾಡನ್ನು ಒಂದೊಂದಾಗಿ ತೋರಿಸಿ, ಇದನ್ನು ಕಂಡೂ ನಿನ್ನ ಮನ್ಯು ಏಕೆ ಬೆಳೆಯದು ಎಂದು ಯುಧಿಷ್ಠಿರನನ್ನು ಪಲ್ಲವಿಯಂತೆ ಕೇಳುತ್ತಾಳೆ. ಆಕೆಯ ಪ್ರಶ್ನೆಯಲ್ಲಿ ಮನ್ಯುವೆಂಬುದು ಕಂಡ ಅನ್ಯಾಯವನ್ನು ಅನ್ಯಾಯವೆಂದು ಎಣಿಸಿದ್ದರ ಫಲ. ಯುಧಿಷ್ಠಿರನ ಉತ್ತರ ತೊಡಗುವುದು 'ಕ್ರೋಧ' ಶಬ್ದದಿಂದ. ಅದು ಮನುಷ್ಯರನ್ನು ಕೊಲ್ಲುತ್ತದೆಂಬ ಉಪದೇಶದಿಂದ. ಕೇಳಿದ್ದು ಒಂದು, ಖಂಡಿಸಿದ್ದು ಇನ್ನೊಂದು. ಎರಡನ್ನೂ 'ಕೋಪ'ವೆಂದು ಕನ್ನಡಿಸಿದರೆ ಧರ್ಮರಾಯನು ವಾದವನ್ನು ಗೆದ್ದಂತೆಯೇ ಕಾಣುತ್ತದೆ, ದ್ರೌಪದಿ ಕೇವಲ ಸಿಟ್ಟಿನ ಹೆಂಗಸಾಗುತ್ತಾಳೆ.

ಇಲ್ಲೊಂದು ತೊಡಕೂ ಇದೆ. ಅದೇ ಉತ್ತರದಲ್ಲಿ ಯುಧಿಷ್ಠಿರನು ಮನ್ಯುವನ್ನು ಗೆಲ್ಲುವುದನ್ನೇ ಸಜ್ಜನರು ಹೊಗಳುತ್ತಾರೆಂದೂ ಹೇಳುತ್ತಾನೆ. ಆದ್ದರಿಂದ ಇತಿಹಾಸಕಾವ್ಯದಲ್ಲಿ ಇವೆರಡೂ ಕಟ್ಟುನಿಟ್ಟಾದ ಪರಿಭಾಷೆಗಳೆಂದು ಸಾಧಿಸಹೊರಡುವುದು ಅತಿಯಾದೀತು. ಮನ್ಯುವನ್ನು ಕ್ರೋಧದೊಳಗೆ ಕರಗಿಸುವ ಕೆಲಸ ಆ ಸಂವಾದದಲ್ಲಿಯೇ ನಡೆಯುತ್ತಿದೆ.

ಬದಲಿಗೆ ಯಾವ ಪದ? 'ಅಮರ್ಷ' ಹತ್ತಿರದ್ದೆನಿಸಬಹುದು, ಆದರೆ ನಾಟ್ಯಶಾಸ್ತ್ರದ ಪ್ರಕಾರ ವಿದ್ಯೆ, ಐಶ್ವರ್ಯ, ಬಲಗಳಲ್ಲಿ ಮಿಗಿಲಾದವರಿಂದ ಅವಮಾನಗೊಂಡವನಲ್ಲಿ ಹುಟ್ಟುವ ಸಂಚಾರಿಭಾವವದು, ಸ್ವಂತದ ನೋವು. ಇಂದು ರೂಢಿಯಲ್ಲಿರುವ 'ಸಾತ್ತ್ವಿಕ ಕೋಪ'ದಲ್ಲಿ ವಿಶೇಷಣವು ನಾಮಪದದ ಪರವಾಗಿ ಕ್ಷಮೆ ಕೇಳುವಂತಿದೆ. ದ್ರೌಪದಿಯ ಮಾತಿನಲ್ಲಿ 'ಮನ್ಯು'ವನ್ನು ಹಾಗೆಯೇ ಉಳಿಸಿ, ಉತ್ತರದ ಆರಂಭದಲ್ಲಿ 'ಕ್ರೋಧ'ವನ್ನೇ ಇಡುವುದು ಉಚಿತ. ಆಗ ಯುಧಿಷ್ಠಿರನು ನಡುವೆ 'ಮನ್ಯು' ಎಂದಾಗ, ಆಕೆಯ ಪದವನ್ನು ಕೈಗೆತ್ತಿಕೊಂಡು ತನ್ನ ಅರ್ಥಕ್ಕೆ ಬಾಗಿಸುತ್ತಿರುವುದು ಓದುಗರಿಗೆ ಕಾಣುತ್ತದೆ.